ದೂರದ ಸಹೋದ್ಯೋಗಿಯ ವಿಶ್ವಾಸ ಗಳಿಸುವುದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಮನೆಯ ಒಂದು ಕೋಣೆಯಲ್ಲಿ ಕುಳಿತು ಬೆಂಗಳೂರು, ಲಂಡನ್, ನ್ಯೂಯಾರ್ಕ್ ಕಚೇರಿಗಳ ಕೆಲಸ ಮಾಡುವವರು 2020ರ ಲಾಕ್‌ಡೌನ್ ನಂತರ ನಮ್ಮಲ್ಲಿ ಅಪರೂಪವೇನಲ್ಲ. ಇವರಿಗೆ ಲ್ಯಾಪ್‌ಟಾಪ್ ಕೊಡುವವರಿದ್ದಾರೆ, ತರಬೇತಿ ಕೊಡುವವರಿದ್ದಾರೆ. ಎದುರಿಗೆ ಕಾಣದ ಜನರ ನಂಬಿಕೆಯನ್ನು ಗಳಿಸುವುದು ಹೇಗೆಂದು ಹೇಳಿಕೊಡುವವರು ಕಡಿಮೆ.

ನಂಬಿಕೆಯ ಮೇಲೆ ವ್ಯವಹಾರ ಕಟ್ಟುವುದು ಈ ಭಾಗಕ್ಕೆ ಹೊಸದಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆ ಕಾಯ್ದೆಯಡಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘದ ಸಾಲಕ್ಕೆ ಎಲ್ಲರೂ ಉತ್ತರ ಹೇಳಬೇಕಿತ್ತು. ಒಬ್ಬರ ಹೊಲ, ಮನೆ, ನಡತೆ ಇನ್ನೊಬ್ಬರಿಗೆ ಗೊತ್ತಿರುವ ಊರಿನಲ್ಲಿ ಮಾತ್ರ ಅಂಥ ಹೊಣೆಯನ್ನು ಹೊರಲು ಸಾಧ್ಯ. ದೂರದಿಂದ ಕೆಲಸ ಮಾಡುವವರಿಗೆ ಹೀಗೆ ತಾನಾಗಿ ದೊರೆಯುವ ಪರಿಚಯವಿಲ್ಲ. ಆದ್ದರಿಂದ ಅದನ್ನು ಅವರು ಪ್ರಯತ್ನಪೂರ್ವಕವಾಗಿ ಒದಗಿಸಬೇಕು.

ಮೊದಲು ಮಾಡಬೇಕಾದದ್ದು, ನಿಮ್ಮ ಪರಿಸ್ಥಿತಿಯನ್ನು ತಂಡಕ್ಕೆ ತಿಳಿಸುವುದು. ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ದೂರದಿಂದಲೇ ಸೇರಿ ದುಡಿದ ತಂಡಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಕ್ಯಾಥರಿನ್ ಕ್ರಾಮ್ಟನ್ 2001ರಲ್ಲಿ ಒಂದು ಮುಖ್ಯ ಸಂಗತಿಯನ್ನು ದಾಖಲಿಸಿದರು: ಇನ್ನೊಂದು ಊರಿನವರು ಉತ್ತರ ಕೊಡದಿದ್ದಾಗ ಅದಕ್ಕೆ ಅಲ್ಲಿನ ಸಂದರ್ಭ ಕಾರಣವಿರಬಹುದೆಂದು ಯೋಚಿಸುವ ಬದಲು ಆ ವ್ಯಕ್ತಿಯ ಗುಣವನ್ನೇ ದೂರುವುದು ಇಂಥ ತಂಡಗಳಲ್ಲಿ ಸುಲಭವಾಗಿ ನಡೆದುಹೋಗುತ್ತದೆ. ಮಧ್ಯಾಹ್ನ ಎರಡು ತಾಸು ಕರೆಂಟ್ ಹೋಗಿ ನೀವು ಮೌನವಾಗಿದ್ದರೆ, ಕಾರಣ ತಿಳಿಯದ ಲಂಡನ್ನಿನ ಸಹೋದ್ಯೋಗಿಗೆ ಕಾಣುವುದು ನಿಮ್ಮ ಮೌನವೊಂದೇ. ಹಾಗಾಗಿ ಕೆಲಸದ ವೇಳೆ, ಕರೆಂಟ್ ಹೋದರೆ ಮೊಬೈಲಿನಲ್ಲಿ ಸಿಗುವ ಬಗೆ, ಮನೆಯಲ್ಲಿ ಹಿರಿಯರ ಆರೈಕೆಯಿದ್ದರೆ ಅದರ ಸಮಯ, ಇವೆಲ್ಲವನ್ನೂ ಮೊದಲ ವಾರದಲ್ಲೇ ಬರೆದು ಹಂಚಿಕೊಳ್ಳಿ. ರಜೆಗಳನ್ನೂ ಸೇರಿಸಿ. ಹುಬ್ಬಳ್ಳಿಯಲ್ಲಿ ಬಣ್ಣದಾಟ ನಡೆಯುವುದು ರಂಗಪಂಚಮಿಯಂದು. ಬೆಂಗಳೂರಿನ ಕಚೇರಿಯ ರಜಾಪಟ್ಟಿಯಲ್ಲಿ ಆ ದಿನ ಇರಲಾರದು.

ಎರಡನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ: ಒಪ್ಪಿಕೊಂಡದ್ದನ್ನು ದಿನ ಮತ್ತು ವೇಳೆಯೊಂದಿಗೆ ಬರೆದು ತಿಳಿಸುವುದು. “ನೋಡುತ್ತೇನೆ” ಎಂಬ ಉತ್ತರದಿಂದ ಎದುರಿನವರಿಗೆ ಏನೂ ಸಿಗುವುದಿಲ್ಲ. “ಗುರುವಾರ ಸಂಜೆ ಐದರೊಳಗೆ ಮೊದಲ ಕರಡು ಕಳುಹಿಸುತ್ತೇನೆ, ದರಪಟ್ಟಿ ಮಾತ್ರ ಅದರಲ್ಲಿ ಇರುವುದಿಲ್ಲ” ಎಂದರೆ ಅವರು ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಹೇಳಿದ ಗುರುವಾರ ಕರಡು ತಲುಪಿದಾಗ, ಅದೆಷ್ಟೇ ಸಣ್ಣ ಕೆಲಸವಾಗಿರಲಿ, ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಇಲ್ಲಿ ನಮ್ಮವರಿಗೆ ಎದುರಾಗುವ ಒಂದು ತೊಡಕನ್ನು ಬಿಡಿಸಿ ಹೇಳಬೇಕು. ಹಿರಿಯರು ಕೆಲಸ ಹೇಳಿದಾಗ ಆಗುವುದಿಲ್ಲವೆನ್ನಲು ನಾಲಿಗೆ ಏಳುವುದಿಲ್ಲ; “ಮಾಡ್ತೇನ್ರಿ ಸರ್” ಎಂದುಬಿಡುತ್ತೇವೆ. ಒಂದೇ ಕಚೇರಿಯಲ್ಲಿದ್ದರೆ ಆ ಹಿರಿಯರು ನಮ್ಮ ಮುಖ ನೋಡಿ ಕಷ್ಟವನ್ನು ಊಹಿಸಿಯಾರು. ಫೋನಿನಲ್ಲಾಗಲಿ ಚಾಟ್‌ನಲ್ಲಾಗಲಿ ಅವರಿಗೆ ಸಿಗುವುದು ಒಪ್ಪಿಗೆಯ ಮಾತು ಮಾತ್ರ, ಅದನ್ನೇ ನಂಬಿ ಅವರು ಗ್ರಾಹಕರಿಗೆ ಮಾತು ಕೊಟ್ಟಿರುತ್ತಾರೆ. ಗೌರವವನ್ನೂ ಕಾಯ್ದುಕೊಂಡು ಸತ್ಯವನ್ನೂ ಹೇಳುವ ದಾರಿಯಿದೆ: “ಸರ್, ಶುಕ್ರವಾರದೊಳಗ ಪೂರ್ತಿ ಆಗೂದಿಲ್ರಿ. ಅರ್ಧ ಶುಕ್ರವಾರ ಕೊಡ್ತೇನ್ರಿ, ಉಳಿದದ್ದು ಮಂಗಳವಾರ. ಇದು ನಡೀತದೇನ್ರಿ?” ಆಗದ್ದನ್ನು ಹೇಳುವಾಗ ಆಗುವುದನ್ನೂ ಜೊತೆಗಿಟ್ಟು ತೀರ್ಮಾನವನ್ನು ಅವರಿಗೇ ಬಿಟ್ಟರೆ ಯಾವ ಹಿರಿಯರೂ ಅದನ್ನು ಉದ್ಧಟತನವೆಂದು ತಿಳಿಯಲಾರರು. ಒಪ್ಪಿಕೊಂಡ ಮೇಲೆ ಅಡಚಣೆ ಬಂದರೆ, ಗಡುವು ಮುಗಿಯುವ ತನಕ ಕಾಯದೆ, ಅಡಚಣೆ ಕಂಡ ದಿನವೇ ತಿಳಿಸಿ.

ಗಡಿಯಾರದ ವಿಷಯ ಚಿಕ್ಕದಾದರೂ ಪದೇ ಪದೇ ಮನಸ್ತಾಪಕ್ಕೆ ಎಡೆ ಕೊಡುತ್ತದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ಚಳಿಗಾಲದಲ್ಲಿ ನಮಗೆ ರಾತ್ರಿ ಏಳೂವರೆ, ಬೇಸಿಗೆಯಲ್ಲಿ ಸಂಜೆ ಆರೂವರೆ. ಬೇಸಿಗೆಗೆಂದು ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ತಾಸು ಮುಂದಕ್ಕೆ ಹೋದರೆ ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ ಹೋಗುತ್ತದೆ. ನಡುವಿನ ಎರಡು ಮೂರು ವಾರ ಮೂರೂ ದೇಶದವರಿರುವ ಸಭೆಗಳು ಏರುಪೇರಾಗುತ್ತವೆ. ಸಭೆಯ ಆಹ್ವಾನದಲ್ಲಿ ಎಲ್ಲ ಊರುಗಳ ವೇಳೆ ಬರೆಯಿರಿ. ಪ್ರತಿ ಸಲ ಹುಬ್ಬಳ್ಳಿಯವರೇ ಊಟದ ಹೊತ್ತನ್ನು ಬಿಟ್ಟುಕೊಡುವಂತಾದರೆ, ಸರದಿಯ ಮೇಲೆ ವೇಳೆ ಬದಲಿಸೋಣವೆಂದು ಕೇಳುವುದರಲ್ಲಿ ತಪ್ಪಿಲ್ಲ.

ಇಷ್ಟರಿಂದ ನಂಬಿಕೆ ಹುಟ್ಟುತ್ತದೆ, ಆತ್ಮೀಯತೆಗೆ ಬೇರೆಯೇ ಸಮಯ ಬೇಕು. ಕಚೇರಿಯಲ್ಲಾದರೆ ಚಹಾದ ಹೊತ್ತಿನಲ್ಲಿ ಮಕ್ಕಳ ಪರೀಕ್ಷೆ, ಊರಿನ ಮಳೆ, ಅವ್ವನ ಮೊಣಕಾಲು ನೋವು ಎಲ್ಲವೂ ಮಾತಿಗೆ ಬರುತ್ತವೆ. ವಾರಕ್ಕೊಮ್ಮೆ ಕೆಲಸದ ಯಾವ ಕಾರಣವೂ ಇಲ್ಲದೆ ಒಬ್ಬ ಸಹೋದ್ಯೋಗಿಗೆ ಕರೆ ಮಾಡಿ, ಕಳೆದ ಸಲ ಅವರು ಹೇಳಿದ್ದನ್ನು ನೆನಪಿಟ್ಟು ವಿಚಾರಿಸಿ. ಇನ್ನೊಬ್ಬರು ಮಾಡಿದ ಒಳ್ಳೆಯ ಕೆಲಸವನ್ನು ಎಲ್ಲರೂ ಓದುವ ಗುಂಪಿನಲ್ಲಿ ಹೆಸರು ಹಿಡಿದು ಮೆಚ್ಚಿರಿ, ತಪ್ಪು ತಿದ್ದುವುದಿದ್ದರೆ ಅವರೊಬ್ಬರಿಗೇ ಕರೆ ಮಾಡಿ ಹೇಳಿ. ತಂಡ ನಡೆಸುವವರಿಗೂ ಒಂದು ಮಾತು: ಕೀಲಿಮಣೆಯ ಚಲನೆಯನ್ನು ಎಣಿಸುವ ತಂತ್ರಾಂಶ ಹಾಕಿ ಜನರನ್ನು ಕಾಯುವ ಕಡೆ ಯಾರೂ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಟ್ಟ ಕೆಲಸ ಹೇಗಾಗಿದೆ ಎಂಬುದನ್ನಷ್ಟೇ ನೋಡಿ.

ಸಾಧ್ಯವಿದ್ದಲ್ಲಿ ಭೇಟಿಯಾಗಿ. 2023ರ ಜೂನ್‌ನಲ್ಲಿ ಧಾರವಾಡ ಮತ್ತು ಬೆಂಗಳೂರಿನ ನಡುವೆ ವಂದೇ ಭಾರತ್ ರೈಲು ಆರಂಭವಾದ ಮೇಲೆ ಹಗಲಿನಲ್ಲೇ ಆರೇಳು ತಾಸಿನಲ್ಲಿ ರಾಜಧಾನಿ ತಲುಪಬಹುದು. ಹೊಸ ತಂಡ ಸೇರಿದ ಮೊದಲ ತಿಂಗಳಲ್ಲೇ ಇಂಥ ಒಂದು ಭೇಟಿಯನ್ನು ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ ಒಮ್ಮೆ ಜೊತೆಗೆ ಕುಳಿತು ಉಂಡವರ ಸಂದೇಶವನ್ನು ಮುಂದೆ ಅವರ ದನಿಯಲ್ಲೇ ಓದಿಕೊಳ್ಳುತ್ತೇವೆ. ಆ ದಿನವನ್ನು ಪರದೆಯ ಮೇಲೂ ತೋರಿಸಬಹುದಾದ ವರದಿಗಳಿಗೆ ವ್ಯಯಿಸದೆ, ಹಿಂದಿನ ಕೆಲಸದಲ್ಲಿ ಎಲ್ಲಿ ತಪ್ಪು ತಿಳಿವಳಿಕೆಯಾಯಿತು, ಮುಂದೆ ಯಾರು ಯಾರಿಗೆ ಏನನ್ನು ಎಷ್ಟು ಬೇಗ ತಿಳಿಸಬೇಕು ಎಂಬ ಮಾತುಕತೆಗೆ ಮೀಸಲಿಡಿ, ಮತ್ತು ಊರಿಗೆ ಮರಳುವ ಮುನ್ನ ಅಲ್ಲಿ ಒಪ್ಪಿಕೊಂಡದ್ದನ್ನು ಎಲ್ಲರಿಗೂ ಬರೆದು ಕಳುಹಿಸಿ.