ಹಳೇ ಪದ್ಮಿನಿಗೆ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಕೂರಿಸೋದು ಹೇಗೆ

ಪ್ರೀಮಿಯರ್ ಪದ್ಮಿನಿ ಇಟ್ಕೊಂಡಿರೋರು ಒಂದಲ್ಲ ಒಂದಿನ ಇದನ್ನ ಕೇಳೇ ಕೇಳ್ತಾರೆ, ಸ್ಟೀರಿಂಗ್ ಸಡಿಲ ಆಗಿದೆ, ಯಾವ್ದಾದ್ರೂ ಸಣ್ಣ ಕಾರಿನ ರ‍್ಯಾಕ್ ತಂದು ಕೂರಿಸ್ಬಿಡೋಣ್ವಾ ಅಂತ. (ರ‍್ಯಾಕ್ ಅಂದ್ರೆ ಹಲ್ಲಿರೋ ಉದ್ದನೆ ರಾಡು; ಸ್ಟೀರಿಂಗ್ ತಿರುಗಿಸಿದ್ರೆ ಪಿನಿಯನ್ ಅನ್ನೋ ಸಣ್ಣ ಗೇರ್ ಅದನ್ನ ಎಡಕ್ಕೆ ಬಲಕ್ಕೆ ಸರಿಸತ್ತೆ.) ಕೂರಿಸ್ಬೋದು, ಆದ್ರೆ ರ‍್ಯಾಕ್ ತರೋದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ, ಅದು ಎಲ್ಲಿ ಕೂತ್ಕೋಬೇಕು ಅಂತ ಅಳೆಯೋದೇ ನಿಜವಾದ ಕೆಲಸ. ಅಮೆರಿಕದಲ್ಲಿ ಹಳೇ ಮಸ್ಟಾಂಗ್‌ಗೆಲ್ಲ ರೆಡಿ ಕಿಟ್ ಸಿಗತ್ತೆ, ಅಳತೆ ಎಲ್ಲ ಅವ್ರೇ ಮಾಡಿರ್ತಾರೆ. ನಮ್ ಪದ್ಮಿನಿಗೆ ಆ ಕೆಲಸ ನಾವೇ ಮಾಡ್ಕೋಬೇಕು. (ಅಂಬಾಸಿಡರ್‌ನೋರು ಇದನ್ನ ಓದಿ ನಗ್ತಾರೆ, ಅವ್ರ ಗಾಡಿಗೆ ಮೊದ್ಲಿಂದ್ಲೂ ರ‍್ಯಾಕೇ.)

ಮೊದ್ಲು ಇದು ನಿಮ್ಗೆ ಬೇಕಾ ನೋಡ್ಕೊಳ್ಳಿ. ಪದ್ಮಿನಿಲಿ ಸ್ಟೀರಿಂಗ್ ಬಾಕ್ಸ್ ಒಳಗೆ ವರ್ಮ್ (ಸ್ಕ್ರೂ ಥರದ ಗೇರ್) ತಿರುಗತ್ತೆ, ಅದು ಡ್ರಾಪ್ ಆರ್ಮ್‌ನ ಅಲ್ಲಾಡ್ಸತ್ತೆ, ಆರ್ಮ್ ನಡುವಿನ ರಾಡ್ ಎಳೆಯತ್ತೆ, ಆ ಕಡೆ ರಾಡಿನ ಇನ್ನೊಂದು ತುದಿ ಹಿಡಿಯೋ ಐಡ್ಲರ್ ಆರ್ಮ್, ಆಮೇಲೆ ಎರಡು ಬದಿ ಚಕ್ರ ತಿರುಗಿಸೋ ಟೈ ರಾಡ್. ಇದಿಷ್ಟೂ ಸೇರಿ ಲಿಂಕೇಜ್. ಒಂದೊಂದು ಜಾಯಿಂಟಲ್ಲೂ ಚೂರು ಚೂರು ಪ್ಲೇ (ಸಡಿಲ) ಬಂದ್ರೆ ವೀಲ್ ಹತ್ರ ಬರೋ ಹೊತ್ಗೆ ಅದೆಲ್ಲ ಸೇರಿ ದೊಡ್ಡದಾಗತ್ತೆ. ಯಾರಿಗಾದ್ರೂ ಹೇಳಿ, ಇಂಜಿನ್ ಆಫ್ ಮಾಡ್ಕೊಂಡು ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಅಲ್ಲಾಡಿಸ್ತಾ ಇರ್ಲಿ, ನೀವು ಕೆಳಗೆ ಮಲ್ಗಿ ಒಂದೊಂದೇ ಜಾಯಿಂಟ್ ಕೈಯಲ್ಲಿ ಹಿಡ್ಕೊಂಡು ನೋಡಿ, ಟಕ್ ಅಂತ ಬಡಿಯೋದು ಬೆರಳಿಗೆ ಗೊತ್ತಾಗತ್ತೆ. ಎಷ್ಟೋ ಸಲ ಐಡ್ಲರ್ ಬುಷ್, ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಪಿನ್), ಟೈ ರಾಡ್ ಎಂಡ್ ಬದಲಾಯಿಸಿದ್ರೆ ಸಾಕು, ಗಾಡಿ ನೆಟ್ಟಗಾಗತ್ತೆ. ಬಾಕ್ಸ್ ಸ್ಕ್ರೂ ಟೈಟ್ ಮಾಡಿದ್ರೆ ಆಯ್ತು ಅನ್ನೋ ಮೆಕ್ಯಾನಿಕ್ ಮಾತು ಮಾತ್ರ ಹುಷಾರಾಗಿ ಕೇಳಿ. ವರ್ಮ್ ಸವೆಯೋದು ಜಾಸ್ತಿ ನಡುಭಾಗದಲ್ಲಿ, ಯಾಕಂದ್ರೆ ಗಾಡಿ ಓಡೋದು ಹೆಚ್ಚಾಗಿ ನೇರಕ್ಕೆ. ನಡುವೆ ಸರಿಯಾಗೋ ಹಾಗೆ ಟೈಟ್ ಮಾಡಿದ್ರೆ ತಿರುವಲ್ಲಿ ಹಿಡ್ಕೊಳ್ಳತ್ತೆ, ಸ್ಟೀರಿಂಗ್ ತಾನಾಗೇ ವಾಪಸ್ ಬರಲ್ಲ.

ಇಷ್ಟಾದ್ಮೇಲೂ ರ‍್ಯಾಕೇ ಬೇಕು ಅಂದ್ರೆ ಸ್ಪ್ಯಾನರ್ ಹಿಡಿಯೋ ಮುಂಚೆ ಆರ್‌ಟಿಒ ಹತ್ರ ಲಿಖಿತವಾಗಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾವಣೆ ಬಗ್ಗೆನೇ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಬದಲಾಯಿಸೋ ಹಾಗಿಲ್ಲ ಅಂದಿದೆ. ಇನ್ಶೂರೆನ್ಸ್‌ನೋರಿಗೂ ತಿಳಿಸಿ. ಅನುಮತಿ ಸಿಗಲ್ಲ ಅಂದ್ರೆ ರಸ್ತೆ ಗಾಡಿಗೆ ಇದನ್ನ ಮಾಡ್ಬೇಡಿ, ಹಳೇ ಬಾಕ್ಸನ್ನೇ ಚೆನ್ನಾಗಿ ರಿಪೇರಿ ಮಾಡಿಸಿ.

ಈಗ ಅಳತೆ. ಹಳೇ ಲಿಂಕೇಜ್ ಬಿಚ್ಚೋ ಮುಂಚೆನೇ ತಗೊಳ್ಳಿ, ಬಿಚ್ಚಿದ್ಮೇಲೆ ಏನೂ ಗೊತ್ತಾಗಲ್ಲ. ಗಾಡಿ ನಾಲ್ಕು ಚಕ್ರದ ಮೇಲೆ ಸಮ ನೆಲದಲ್ಲಿ ನಿಂತಿರ್ಬೇಕು. ಎಡ ಬಲ ಟೈ ರಾಡ್‌ಗಳ ಒಳಗಿನ ಜಾಯಿಂಟ್‌ಗಳ ಮಧ್ಯೆ ಎಷ್ಟು ದೂರ, ಅವು ನೆಲದಿಂದ ಎಷ್ಟು ಎತ್ತರ, ಸ್ಟೀರಿಂಗ್ ಆರ್ಮ್ (ಟೈ ರಾಡ್ ತಳ್ಳಿದಾಗ ಚಕ್ರ ತಿರುಗಿಸೋ ಆರ್ಮ್) ಆಕ್ಸಲ್‌ಗೆ ಮುಂದಿದೆಯಾ ಹಿಂದಿದೆಯಾ, ಇದೆಲ್ಲ ಬರೆದು ಫೋಟೋನೂ ತೆಗೀರಿ. ರ‍್ಯಾಕ್‌ನ ಎರಡು ಒಳಗಿನ ಬಾಲ್ ಜಾಯಿಂಟ್ ಮಧ್ಯದ ದೂರ ಇದಕ್ಕೆ ಹತ್ರ ಇರೋದನ್ನೇ ಹುಡುಕ್ಬೇಕು, ಬ್ರ್ಯಾಂಡ್ ಯಾವ್ದಾದ್ರೂ ಆಗ್ಲಿ. ಹಾಗಾಗಿ ಬೆಂಗಳೂರಿನ ಜೆಸಿ ರೋಡಿಗೋ ಶಿವಾಜಿನಗರಕ್ಕೋ ಹೋಗುವಾಗ ಟೇಪ್ ಜೇಬಲ್ಲಿರ್ಲಿ. ಮುಂದೆ ಇರ್ಬೇಕಾದ ರ‍್ಯಾಕನ್ನ ಹಿಂದೆ ಹಾಕಿದ್ರೆ ಬಲಕ್ಕೆ ತಿರುಗಿಸಿದ್ರೆ ಗಾಡಿ ಎಡಕ್ಕೆ ಹೋಗತ್ತೆ, ತಮಾಷೆ ಅಲ್ಲ.

ಈ ದೂರ ಯಾಕೆ ಅಷ್ಟು ಮುಖ್ಯ ಅಂದ್ರೆ, ಗುಂಡಿಗೆ ಚಕ್ರ ಬಿದ್ದಾಗ ಸಸ್ಪೆನ್ಶನ್ ಆರ್ಮ್ ಒಂದು ಕಮಾನು ಬಿಡಿಸತ್ತೆ, ಟೈ ರಾಡ್ ಇನ್ನೊಂದು ಕಮಾನು ಬಿಡಿಸತ್ತೆ, ಎರಡೂ ಹೊಂದಲಿಲ್ಲ ಅಂದ್ರೆ ನೀವು ಸ್ಟೀರಿಂಗ್ ಮುಟ್ಟದಿದ್ರೂ ಚಕ್ರ ತಾನೇ ತಿರುಗತ್ತೆ. ಇದೇ ಬಂಪ್ ಸ್ಟೀರ್. ಮೇಲಿನ ಕೆಳಗಿನ ಆರ್ಮ್‌ಗಳ ಒಳಗಿನ ಪಿವಟ್ ಸೇರಿಸೋ ಗೆರೆ ಹತ್ರನೇ ರ‍್ಯಾಕ್ ಜಾಯಿಂಟ್ ಬರ್ಬೇಕು, ಟೈ ರಾಡ್ ಇಳಿಜಾರೂ ಆ ಆರ್ಮ್‌ಗಳಿಗೆ ಹೊಂದ್ಬೇಕು.

ಆಮೇಲೆ ರ‍್ಯಾಕ್ ಎಷ್ಟು ಸರಿಯತ್ತೆ ಅನ್ನೋದು. ಉದಾಹರಣೆಗೆ ಸ್ಟೀರಿಂಗ್ ಆರ್ಮ್ 130 ಮಿ.ಮೀ. ಇದ್ದು ಚಕ್ರ 35 ಡಿಗ್ರಿ ತಿರುಗ್ಬೇಕು ಅಂದ್ರೆ ಒಂದು ಕಡೆಗೆ ಸುಮಾರು 75 ಮಿ.ಮೀ., ಒಟ್ಟು 150 ಮಿ.ಮೀ. ಬೇಕು. ಅದಕ್ಕಿಂತ ಕಮ್ಮಿ ಇದ್ರೆ ಯೂ ಟರ್ನ್‌ಗೆ ಹಿಂದೆ ಮುಂದೆ ಮಾಡ್ಬೇಕಾಗತ್ತೆ, ಜಾಸ್ತಿ ಇದ್ರೆ ಟೈರು ಬಾಡಿಗೆ ತಗಲತ್ತೆ, ಸ್ಟಾಪರ್ ಹಾಕ್ಬೇಕು. ಪವರ್ ಸ್ಟೀರಿಂಗ್ ರ‍್ಯಾಕನ್ನ ಪಂಪ್ ಇಲ್ದೆ ಹಾಕೋ ಐಡಿಯಾ ಬಿಡಿ, ಪಾರ್ಕಿಂಗಲ್ಲಿ ತೋಳು ಬಿದ್ದುಹೋಗತ್ತೆ.

ಮೌಂಟ್ ವಿಷಯದಲ್ಲಿ ಜಿಪುಣತನ ಬೇಡ. ತೆಳು ತಗಡಿಗೆ ತೂತು ಹೊಡೆದು ಬೋಲ್ಟ್ ಹಾಕೋದಲ್ಲ, ಗಾಡಿಯ ಅಡ್ಡ ಬೀಮಾದ ಕ್ರಾಸ್ ಮೆಂಬರ್‌ಗೆ ದಪ್ಪ ಪ್ಲೇಟಿನ ಬ್ರಾಕೆಟ್ ಮಾಡಿ ಎರಡೂ ತುದಿ ಬಿಗೀಬೇಕು. ಮೊದ್ಲು ಟ್ಯಾಕ್ (ಚಿಕ್ಕ ಚುಕ್ಕೆ ವೆಲ್ಡ್) ಹಾಕಿ ನಿಲ್ಲಿಸ್ಕೊಂಡು ಇಂಜಿನ್ ಆಯಿಲ್ ಸಂಪ್‌ಗೆ, ಎಕ್ಸಾಸ್ಟ್‌ಗೆ ತಗಲತ್ತಾ ನೋಡಿ, ಇಂಜಿನ್ ಮೌಂಟ್ ಮೇಲೆ ಕುಲುಕತ್ತೆ ಅನ್ನೋದು ನೆನಪಿರ್ಲಿ. ಆಗ್ಲೇ ಬಂಪ್ ಸ್ಟೀರ್ ಚೆಕ್ ಮಾಡ್ಬಿಡಿ: ಕಂಪ್ರೆಸರ್ ಹಾಕಿ ಸ್ಪ್ರಿಂಗ್ ತೆಗೀರಿ (ಕಂಪ್ರೆಸರ್ ಇಲ್ದೆ ಕೈ ಹಾಕ್ಬೇಡಿ, ಸ್ಪ್ರಿಂಗ್ ಹಾರಿದ್ರೆ ಪ್ರಾಣ ಹೋಗತ್ತೆ), ಹಬ್‌ಗೆ ನೇರವಾದ ಹಲಗೆ ಬಿಗಿದು, ಸ್ಟೀರಿಂಗ್ ಅಲ್ಲಾಡದ ಹಾಗೆ ಕಟ್ಟಿ, ಜ್ಯಾಕಲ್ಲಿ 10 ಮಿ.ಮೀ. 10 ಮಿ.ಮೀ. ಎತ್ತುತ್ತಾ ಹಲಗೆಯ ಮುಂದಿನ ತುದಿ ಹಿಂದಿನ ತುದಿ ಎಷ್ಟು ಸರೀತು ಬರೀತಾ ಹೋಗಿ. ತುಂಬಾ ಸರೀತಿದ್ರೆ ರ‍್ಯಾಕ್ ಎತ್ತರ ಬದಲಾಯಿಸಿ. ಬೇಜಾರಿನ ಕೆಲಸ, ಆದ್ರೆ ಇದನ್ನ ಬಿಟ್ಟೋರ ಗಾಡಿ 60 ಕಿ.ಮೀ. ಸ್ಪೀಡಲ್ಲಿ ರೋಡ್ ತುಂಬಾ ಅಲೆಯತ್ತೆ. ಪೂರ್ತಿ ವೆಲ್ಡಿಂಗ್ ಎಲ್ಲ ಇದಾದ್ಮೇಲೆ.

ಕಾಲಮ್ (ಸ್ಟೀರಿಂಗ್ ವೀಲಿಂದ ಕೆಳಗೆ ಬರೋ ಶಾಫ್ಟ್) ಭಾಗಕ್ಕೆ ಬಂದ್ರೆ, ಕಾಲಮ್ ಮೇಲೇ ಗೇರ್ ಲಿವರ್ ಇರೋ ಪದ್ಮಿನಿಲಿ ಗೇರ್ ರಾಡ್‌ಗೆ ಜಾಗ ಬಿಡ್ಬೇಕು. ಓರೆಯಾಗಿರೋ ಶಾಫ್ಟ್‌ಗಳನ್ನ ಜೋಡಿಸೋ ಯೂನಿವರ್ಸಲ್ ಜಾಯಿಂಟ್ ಒಂದೊಂದೂ 30 ಡಿಗ್ರಿ ಒಳಗೆ ಇರ್ಲಿ, ಎರಡು ಹಾಕಿದ್ರೆ ನಡುವಿನ ಶಾಫ್ಟ್‌ನ ಎರಡು ಯೋಕೂ (ಜಾಯಿಂಟಿನ ಕವಲು) ಒಂದೇ ದಿಕ್ಕಿಗೆ ಕೂರ್ಬೇಕು, ಇಲ್ಲಾಂದ್ರೆ ಒಂದ್ಸಲ ಹಗುರ ಒಂದ್ಸಲ ಭಾರ ಅನ್ಸತ್ತೆ. ಮೂರು ಹಾಕಿದ್ರೆ ಮಧ್ಯೆ ಬೇರಿಂಗ್ ಸಪೋರ್ಟ್ ಬೇಕೇ ಬೇಕು. ಶಾಫ್ಟ್ ಕತ್ತರಿಸಿ ರಸ್ತೆ ಬದಿ ವೆಲ್ಡಿಂಗ್ ಅಂಗಡಿಲಿ ಜೋಡಿಸೋದು, ಸ್ಟೀರಿಂಗ್ ಆರ್ಮ್ ಕಾಯಿಸಿ ಬಗ್ಗಿಸೋದು, ಎರಡೂ ಕೂಡದು. ಶಾಫ್ಟ್ ತುದಿಯ ಹಲ್ಲಿಗೆ (ಸ್ಪ್ಲೈನ್) ಹೊಂದೋ ಕಪ್ಲರ್ ಒಳ್ಳೆ ಲೇತ್ ಅಂಗಡಿಲಿ ಮಾಡಿಸಿ. ಟೈ ರಾಡ್ ಎಂಡಿನ ಟೇಪರ್ (ತುದಿಗೆ ಸಣ್ಣಗಾಗೋ ಪಿನ್) ಆರ್ಮ್‌ಗೆ ಸರಿಯಾಗಿ ಕೂರತ್ತಾ ಅಂತ ಮಾರ್ಕರ್ ಬಳಿದು ತಿರುಗಿಸಿ ನೋಡಿ, ಸುತ್ತಲೂ ಮಸಿ ಅಳಿಸಿರ್ಬೇಕು.

ಕೊನೆಗೆ ರ‍್ಯಾಕ್ ಸರಿಯಾಗಿ ಮಧ್ಯಕ್ಕೆ ತಂದು ಆಮೇಲೆ ಸ್ಟೀರಿಂಗ್ ವೀಲ್ ನೇರ ಕೂರಿಸಿ, ಅಲೈನ್ಮೆಂಟ್ ಮಾಡಿಸಿ. ಫುಲ್ ಲಾಕ್‌ನಲ್ಲಿ ಬ್ರೇಕ್ ಹೋಸ್ ಎಳೀತಿದೆಯಾ ನೋಡಿ, ನಿಂತಲ್ಲೇ ಒಬ್ರು ತಿರುಗಿಸುವಾಗ ರ‍್ಯಾಕ್ ಬಾಡಿ ಅಲ್ಲಾಡ್ತಿದ್ರೆ ಬ್ರಾಕೆಟ್ ಸಾಲ್ದು ಅಂತ ಅರ್ಥ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡ್ಸಿ, 100 ಕಿ.ಮೀ. ಆದ್ಮೇಲೆ ಎಲ್ಲ ಬೋಲ್ಟ್ ಮತ್ತೆ ಟಾರ್ಕ್ ಮಾಡಿ. ಹಳೇ ಬಾಕ್ಸು ಲಿಂಕೇಜು ಗುಜರಿಗೆ ಕೊಡ್ಬೇಡಿ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಟೈಮಲ್ಲಿ ಏನಾದ್ರೂ ತಕರಾರು ಬಂದ್ರೆ ಅದನ್ನೇ ವಾಪಸ್ ಹಾಕ್ಬೇಕಾಗತ್ತೆ.