ಡೈರಿಲಿ ಒಂದು ತೂಕ, ಚೀಟಿಲಿ ಒಂದು ತೂಕ: ನನ್ನ ಅನುಭವ

ನಾನು ಮೂಡಿಗೆರೆ ಕಡೆ ಕಾಫಿ ವ್ಯಾಪಾರ ಮಾಡೋನು, ಸಣ್ಣ ಬೆಳೆಗಾರರ ಹತ್ರ ರೋಬಸ್ಟಾ ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತಗೊಳ್ತೀನಿ. ರೇಟು ನಿಲ್ಲೋದು ಓಟಿ (50 ಕೆಜಿ ಚೀಲದ ಚೆರ್ರಿಲಿ ಎಷ್ಟು ಕೆಜಿ ಕಾಫಿ ಬೇಳೆ ಸಿಗುತ್ತೆ ಅನ್ನೋ ಲೆಕ್ಕ) ಮೇಲೆ ಅಂತ ನಮ್ ಕಡೆಯವ್ರಿಗೆ ಗೊತ್ತೇ ಇದೆ, 100 ಗ್ರಾಂ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಬೇಳೆ ತೂಗಿದಾಗ 53.6 ಗ್ರಾಂ ಬಂದ್ರೆ 50 ಕೆಜಿ ಚೀಲಕ್ಕೆ 26.8 ಓಟಿ. ಆ ತಕ್ಕಡಿ ನೋಡ್ತಿದ್ದೋನು ನಾನೊಬ್ನೇ. ಚೀಟಿಲಿ 26.5 ಅಂತ ಬರೆದು ಕೊಡ್ತಿದ್ದೆ, ನನ್ ಡೈರಿಲಿ ಮಾತ್ರ ಸರಿಯಾಗಿ 26.8. ಚೀಲಕ್ಕೆ 300 ಗ್ರಾಂ ಬೇಳೆ ಏನ್ ಮಹಾ ಅನ್ಸುತ್ತೆ, 40 ಚೀಲ ಹಾಕೋರಿಗೆ ಅದು 12 ಕೆಜಿ.

ಭಾನುವಾರ ಚರ್ಚು ತಪ್ಪಿಸ್ತಿರ್ಲಿಲ್ಲ. ಒಂದಿನ ರಾತ್ರಿ ಪ್ರಾರ್ಥನೆಗೆ ಕೂತಾಗ ಮಗಳು ಬೈಬಲಿನ ಧರ್ಮೋಪದೇಶಕಾಂಡ 25ನೇ ಅಧ್ಯಾಯ ಓದಿದ್ಲು, ಚೀಲದಲ್ಲಿ ಹೆಚ್ಚು ಕಡಿಮೆ ತೂಕದ ಎರಡು ಕಲ್ಲು ಇಟ್ಕೋಬೇಡ ಅಂತ ಬರುತ್ತಲ್ಲ, ಅದು. ಆ ಕಾಲದಲ್ಲಿ ತೂಕಕ್ಕೆ ಕಲ್ಲೇ, ಮೋಸ ಮಾಡೋನು ಕೊಳ್ಳೋವಾಗ ದೊಡ್ಡದು ಇಡೋನು ಮಾರೋವಾಗ ಚಿಕ್ಕದು. ನನ್ ಎರಡು ಕಲ್ಲು ಡೈರಿ ಮತ್ತೆ ಚೀಟಿ. ಅವತ್ತು ಊಟ ಸೇರ್ಲಿಲ್ಲ.

ಮಾರನೇ ದಿನಾನೇ ತಕ್ಕಡಿ ಟೇಬಲ್ ಹೊರಗೆ ಜಗಲಿಗೆ ತಂದೆ. ಈಗ ಸ್ಯಾಂಪಲ್ಲು ಬೆಳೆಗಾರರೇ ಯಾವ ಚೀಲದಿಂದ ಬೇಕೋ ತೆಗೀತಾರೆ, ಸೊನ್ನೆ ತೋರಿಸಿದ್ಮೇಲೇ ತೂಗೋದು, ಎಷ್ಟು ಗ್ರಾಂ ಬಂತು ಅಂತ ಚೀಟಿ ಮೇಲೇ ಬರೀತೀನಿ. ಆದಾಯ ಕಡಿಮೆ ಆಯ್ತು ನಿಜ, ಅದಕ್ಕೆ ನನ್ನ ಲಾಭ ಚೀಲಕ್ಕೆ ಇಷ್ಟು ಅಂತ ಮೊದಲೇ ಬಾಯಿಬಿಟ್ಟು ಹೇಳೋಕೆ ಶುರು ಮಾಡ್ದೆ, ಕೆಲವ್ರು ಜಾಸ್ತಿ ಆಯ್ತು ಅಂತ ಬೇರೆ ಕಡೆ ಹೋದ್ರು, ಹೋಗ್ಲಿ.

ಕಷ್ಟ ಆಗಿದ್ದು ಹಳೇ ಬಾಕಿ. ಲೂಕ 19ರಲ್ಲಿ ಸುಂಕ ವಸೂಲಿ ಮಾಡೋ ಜಕ್ಕಾಯ ಅನ್ಯಾಯವಾಗಿ ತಗೊಂಡಿದ್ರೆ ನಾಲ್ಕರಷ್ಟು ಕೊಡ್ತೀನಿ ಅಂತಾನೆ, ಅಷ್ಟು ನನ್ ಕೈಲಿರ್ಲಿಲ್ಲ. ಅರಣ್ಯಕಾಂಡ 5:7 ನೋಡ್ದೆ, ಮೂಲದ ಜೊತೆ ಐದ್ರಲ್ಲೊಂದು ಭಾಗ ಸೇರಿಸಿ ಕೊಡ್ಬೇಕು, ಅದಕ್ಕೂ ಮೊದ್ಲು ತಪ್ಪು ಒಪ್ಕೋಬೇಕು. ದುಡ್ಡಿಗಿಂತ ಈ ಒಪ್ಕೊಳ್ಳೋದೇ ಭಾರ. ಡೈರಿ ಇಟ್ಕೊಂಡು ಎರಡು ಸೀಸನ್ನಿನ ಲೆಕ್ಕ ಹಾಕಿ ಹೆಸರು ಬರೆದ ಕವರ್ ಮಾಡಿ ಮನೆಮನೆಗೆ ಹೋದೆ. ಒಬ್ರು ಬೈದ್ರು, ಇನ್ನೊಬ್ಬ ಅಜ್ಜಿ ಕವರ್ ಹಿಡ್ಕೊಂಡು ತುಂಬ ಹೊತ್ತು ಮಾತಾಡ್ಲೇ ಇಲ್ಲ, ಆಮೇಲೆ ಕಾಫಿ ಮಾಡಿ ಕೊಟ್ರು.

ಒಂದು ಕವರ್ ಇನ್ನೂ ಡ್ರಾಯರಲ್ಲಿದೆ. ಅವ್ರು ತೋಟ ಮಾರಿ ಹೋಗಿ ತೀರ್ಕೊಂಡ್ರಂತೆ, ಹತ್ತಿರದ ಬಂಧು ಇಲ್ದಿದ್ರೆ ಮಾತ್ರ ಯಾಜಕನಿಗೆ ಅಂತ ಅರಣ್ಯಕಾಂಡದ ಅದೇ ಅಧ್ಯಾಯದ ಮುಂದಿನ ವಚನ ಹೇಳುತ್ತೆ, ಇವ್ರಿಗೆ ಹಾಸನದಲ್ಲಿ ಮಗ ಇದಾನಂತೆ, ಹುಡುಕ್ತಾ ಇದೀನಿ.