ಬಿಸ್ಬಿಯ ಬಾಡಿಗೆ ಕೋಣೆಗಳು: ಹೆಸರನ್ನು ನೆಲಕ್ಕೆ ಕೂಡಿಸಿದ ನನ್ನ ಅನುಭವ

ಅಮೆರಿಕದ ಅರಿಜೋನಾದಲ್ಲಿರುವ ತಾಮ್ರದ ಗಣಿ ಊರು ಬಿಸ್ಬಿಯ ಚರಿತ್ರೆ ಎಂದರೆ ಕಂಪನಿಯ ಚರಿತ್ರೆ ಎಂದೇ ನಡೆದುಬಂದಿದೆ. ಕಾಪರ್ ಕ್ವೀನ್ ಗಣಿ, ಅದರ ಒಡೆಯ ಫೆಲ್ಪ್ಸ್ ಡಾಡ್ಜ್ ಕಂಪನಿ, ಹೋಟೆಲು, ಬ್ಯಾಂಕು ಇವುಗಳ ದಾಖಲೆ ಬೇಕಾದಷ್ಟಿದೆ. ಬ್ರೂವರಿ ಗಲ್ಚ್ ಎಂಬ ಕಣಿವೆ ಬೀದಿಯ ಕೋಣೆಯಲ್ಲಿ ಪಾಳಿ ಮುಗಿಸಿ ಬಂದು ಮಲಗುತ್ತಿದ್ದ ಗಣಿ ಕೆಲಸಗಾರ ಯಾವ ಮನೆಯಲ್ಲಿದ್ದ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಇಂದು ಇದ್ದು ನಾಳೆ ಊರು ಬಿಡುವ ಜನ, ಅವರನ್ನು ನಕ್ಷೆಯ ಮೇಲೆ ಕೂರಿಸಲು ಬರುವುದಿಲ್ಲ ಎಂದು ಈ ಕೆಲಸ ಬಲ್ಲವರೇ ಹೇಳುತ್ತಿದ್ದರು. ಬರುತ್ತದೆ. 1910ರ ಜನಗಣತಿಯಿಂದ ಮುಷ್ಕರ ಹೂಡಿದ ಗಣಿಗರನ್ನು ಊರಿನಿಂದ ಹೊರದೂಡಿದ 1917ರ ಗಡಿಪಾರಿನವರೆಗಿನ ಅವಧಿಗೆ, ಗಲ್ಚ್‌ನ ಕೆಳಭಾಗ ಮತ್ತು ಚಿಹುವಾಹುವಾ ಹಿಲ್ ಎಂಬ ಗುಡ್ಡದ ಒಂದು ಮಗ್ಗುಲಲ್ಲಿ, ಹತ್ತು ಮನೆಗಳಲ್ಲಿ ಆರೇಳಕ್ಕೆ ಒಳಗಿದ್ದವರ ಹೆಸರು ಕೂಡಿಸಿದ್ದೇನೆ. ಇಷ್ಟು ಹತ್ತಿರದಿಂದ ಈ ಎರಡು ಜಾಗಗಳನ್ನು ಬೇರೆ ಯಾರೂ ಮಾಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ, ದುಡ್ಡು ಹೋಗುವುದು ಅಲ್ಲಿಯೇ.

ಹೆಸರು ಹಿಡಿದು ಹುಡುಕುವುದು ಬಿಸ್ಬಿಯಲ್ಲಿ ಫಲ ಕೊಡುವುದಿಲ್ಲ. ಸರ್ಬಿಯನ್ನರ ಒಂದೇ ಮನೆತನದ ಹೆಸರನ್ನು ಒಬ್ಬ ಗಣತಿದಾರ ಒಂದು ಥರ, ಗಣಿಯ ಟೈಮ್‌ಕೀಪರ್ ಇನ್ನೊಂದು ಥರ, ಹೆಣ ಸಾಗಿಸುವ ಅಂಗಡಿಯವನು ಮತ್ತೊಂದು ಥರ ಬರೆದಿರುತ್ತಾರೆ. ಮೆಕ್ಸಿಕನ್ನರ ಎರಡು ಮನೆತನದ ಹೆಸರಿನಲ್ಲಿ ಕೊನೆಯದು ತಾಯಿಯ ಕಡೆಯದು. ಸೂಚಿ ತಯಾರಿಸಿದವರು ಅದನ್ನೇ ಮುಖ್ಯ ಹೆಸರೆಂದು ಹಾಕಿದ್ದಾರೆ. ಚಂದಾ ಕಟ್ಟುವ ವಂಶಾವಳಿ ತಾಣಗಳು ಮಾರುವುದು ಈ ಹೆಸರಿನ ಹುಡುಕಾಟವನ್ನೇ. ವರ್ಷ ವರ್ಷ ಚಂದಾ ತೆತ್ತರೂ ಬಾಡಿಗೆದಾರ ಸಿಗುವುದಿಲ್ಲ. ಅದೇ ಹಾಳೆಗಳ ಚಿತ್ರ ಉಚಿತ ತಾಣದಲ್ಲಿದೆ. ಹೆಸರು ಮರೆತು, ಒಂದು ಗಣತಿ ವಿಭಾಗದ (ಒಬ್ಬ ಗಣತಿದಾರನ ಪಾಲಿಗೆ ಬಂದ ಪ್ರದೇಶದ) ಎಲ್ಲ ಹಾಳೆಗಳನ್ನೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೈಯಲ್ಲೇ ಇಳಿಸಿಕೊಳ್ಳಬೇಕು. ಬೇಸರದ ಕೆಲಸ ಹೌದು, ಆದರೆ ಇಡೀ ವಿಧಾನ ನಿಂತಿರುವುದು ಈ ಅನುಕ್ರಮದ ಮೇಲೆ.

ಅನುಕ್ರಮ ಏಕೆಂದರೆ, ಗಣತಿದಾರ ನಡೆದ ದಾರಿ ಹಾಳೆಯಲ್ಲಿ ಉಳಿದಿದೆ. ಗುಡ್ಡದ ಮನೆಗಳಿಗೆ ಸಂಖ್ಯೆ ಬರೆದಿದ್ದರೂ ನಂಬಬೇಡಿ. ಮೊದಲ ಎರಡು ಅಂಕಣಗಳ ಕಟ್ಟಡದ ಕ್ರಮಸಂಖ್ಯೆ, ಕುಟುಂಬದ ಕ್ರಮಸಂಖ್ಯೆ ಇವನ್ನು ಮಾತ್ರ ನಂಬಿ. ಹಾಳೆಯಲ್ಲಿ ಜಾಗ ಖಚಿತವಾಗಿ ಗೊತ್ತಿರುವ ಕಟ್ಟಡಗಳನ್ನು ಗುರುತು ಹಾಕಿಕೊಳ್ಳಿ: ಹತ್ತಿಪ್ಪತ್ತು ಗಂಡಸರಿರುವ ವಸತಿಗೃಹ, ಪಾದ್ರಿ ಮನೆ, ಹೋಟೆಲು, ಅಂಗಡಿಯ ಮೇಲಿನ ಮನೆ. ಅವೇ ಕಟ್ಟಡಗಳು, ಬೆಂಕಿ ವಿಮೆ ಕಂಪನಿಗಳಿಗಾಗಿ ಕಟ್ಟಡಗಳನ್ನು ಗುರುತಿಸಿ ತಯಾರಿಸಿದ ಸ್ಯಾನ್‌ಬಾರ್ನ್ ನಕ್ಷೆಯಲ್ಲೂ ಇರುತ್ತವೆ. ಎರಡು ಗುರುತುಗಳ ನಡುವೆ ಗಣತಿಯಲ್ಲಿ ಒಂಬತ್ತು ಕಟ್ಟಡ, ನಕ್ಷೆಯಲ್ಲಿ ವಾಸದ ಮನೆಯ ಗುರುತಾದ ‘ಡಿ’ ಒಂಬತ್ತು ಇದ್ದರೆ ಕೆಲಸ ಮುಗಿದಂತೆ. ಒಂಬತ್ತಕ್ಕೆ ಹನ್ನೊಂದು ಬಂದರೆ ಎರಡು ಖಾಲಿ ಇದ್ದವು, ಇಲ್ಲವೇ ನಕ್ಷೆ ಬೇರೆ ವರ್ಷದ್ದು. ಒಂಬತ್ತಕ್ಕೆ ಆರು ಬಂದರೆ ಆ ತುಂಡನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಿ. ಹಟ ಹಿಡಿದು ತುಂಬಿಸಿದ ತುಂಡುಗಳೇ ಆಮೇಲೆ ಇಡೀ ಬೀದಿಯನ್ನು ಕೆಡಿಸುತ್ತವೆ.

ಪ್ರತಿ ವಿಭಾಗದ ಕೊನೆಯ ಹಾಳೆಗಳನ್ನು ಬೇರೆ ಇಡಿ. ಮೊದಲ ಸುತ್ತಿನಲ್ಲಿ ಸಿಗದವರನ್ನು ಅಲ್ಲಿ ಸೇರಿಸಿರುತ್ತಾರೆ, ಅವರಿಗೂ ನಡೆದ ದಾರಿಗೂ ಸಂಬಂಧವಿಲ್ಲ. ರಾತ್ರಿ ಪಾಳಿಯವರು ಇದರಲ್ಲಿ ಹೆಚ್ಚು.

ಎರಡನೆಯ ಸೋಲು ಮೆಟ್ಟಿಲುಗಳದ್ದು, ಇದಕ್ಕೆ ಬೀಳದವರು ಕಡಿಮೆ. ಬಿಸ್ಬಿಗೆ ಹೋದವರೆಲ್ಲ ಆ ಕಾಂಕ್ರೀಟ್ ಮೆಟ್ಟಿಲುಗಳನ್ನು ಹತ್ತಿ, ಗಣತಿದಾರ ಹೀಗೇ ಹತ್ತಿರಬೇಕು ಅಂದುಕೊಳ್ಳುತ್ತಾರೆ. ಅವುಗಳಲ್ಲಿ ಬಹುಪಾಲು 1930ರ ದಶಕದ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ ಕಟ್ಟಿದವು. 1910ರಲ್ಲಿ ಇದ್ದದ್ದು ಕತ್ತೆ ದಾರಿ, ಮರದ ಮೆಟ್ಟಿಲು, ಮನೆಗಳ ಹಿತ್ತಿಲ ಕಾಲುದಾರಿ. ಇಳಿಜಾರಿನಲ್ಲಿ ಜನ ಮಟ್ಟ ಹಿಡಿದು ಅಡ್ಡಕ್ಕೆ ನಡೆಯುತ್ತಾರೆ, ಮೇಲಕ್ಕಲ್ಲ. ಹಾಗಾಗಿ ನಕ್ಷೆಯಲ್ಲಿ ಮೂವತ್ತು ಅಡಿ ದೂರದ ಎರಡು ಮನೆಗಳ ನಡುವೆ ಗಣತಿಯಲ್ಲಿ ನಲವತ್ತು ಕುಟುಂಬ ಇರಬಹುದು. ಅಮೆರಿಕದ ಭೂಸರ್ವೇಕ್ಷಣೆಯವರು ವಿಮಾನದಿಂದ ಲೇಸರ್ ಹಾಯಿಸಿ ಅಳೆದ ಉಚಿತ ಲೈಡಾರ್ ಎತ್ತರದ ದತ್ತಾಂಶವನ್ನು ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ, ಐದೈದು ಅಡಿಗೆ ಮಟ್ಟರೇಖೆ ಎಳೆದು, ಅದರ ಮೇಲೆ ಸ್ಯಾನ್‌ಬಾರ್ನ್ ಹೊದಿಸಿದ ಮೇಲೆ ಅನುಕ್ರಮ ತಾನಾಗಿ ಬಿಚ್ಚಿಕೊಳ್ಳತೊಡಗಿತು. ಅಡ್ಡ ಸಾಲು ಹಿಡಿದು ಓದಿ, ಕೆಳಗಿನ ಸಾಲಿನಿಂದ ಶುರು ಮಾಡಿ.

ಹಳೆ ನಕ್ಷೆಯನ್ನು ಹೊದಿಸುವಾಗ ಇಡೀ ಹಾಳೆಯನ್ನು ಒಂದೇ ಸಮ ಎಳೆಯುವ ನೇರ ರೂಪಾಂತರ ಹಾಕಿದರೆ ಗುಡ್ಡದ ಅಂಚಿನಲ್ಲಿ ನಲವತ್ತು ಅಡಿಯಷ್ಟು ತಪ್ಪುತ್ತದೆ, ಅಂದರೆ ಒಂದು ಮನೆ ಪೂರ್ತಿ. ಹಾಳೆಯನ್ನು ರಬ್ಬರಿನಂತೆ ಅಲ್ಲಲ್ಲಿ ಹಿಗ್ಗಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಬಳಸಿ. ಹಳೆ ನಕ್ಷೆಯಲ್ಲೂ ಇಂದಿನ ನೆಲದಲ್ಲೂ ಒಂದೇ ಎಂದು ಗೊತ್ತಿರುವ ಬಿಂದುಗಳು ಒಂದು ಹಾಳೆಗೆ ಹದಿನೈದಕ್ಕಿಂತ ಕಡಿಮೆ ಬೇಡ. ಕಾಪರ್ ಕ್ವೀನ್ ಹೋಟೆಲ್, ಪಿಥಿಯನ್ ಕ್ಯಾಸಲ್, ಸೆಂಟ್ರಲ್ ಸ್ಕೂಲ್, ಅಂಚೆ ಕಚೇರಿ ಮತ್ತು ಗ್ರಂಥಾಲಯದ ಕಟ್ಟಡ ಈಗಲೂ ನಿಂತಿವೆ. ಅವು ಸಾಲದಿದ್ದರೆ ಕಲ್ಲಿನ ತಡೆಗೋಡೆಗಳ ಮೂಲೆ ಹಿಡಿಯಿರಿ. ಬೀದಿಯ ಅಂಚನ್ನು ಬಿಂದುವಾಗಿ ತೆಗೆದುಕೊಳ್ಳಬೇಡಿ: 1908ರ ಅಕ್ಟೋಬರ್ ಬೆಂಕಿಯಲ್ಲಿ ಮೇನ್ ಸ್ಟ್ರೀಟ್‌ನ ವ್ಯಾಪಾರದ ಭಾಗ ಸುಟ್ಟು, ಮತ್ತೆ ಕಟ್ಟಿದ್ದು. ಬೆಂಕಿಗೆ ಮುಂಚಿನ ಹಾಳೆ, ನಂತರದ ಹಾಳೆ ಎರಡೂ ಬೇಕೇ ಬೇಕು.

ಸ್ಯಾನ್‌ಬಾರ್ನ್ ಬಗ್ಗೆ ಇನ್ನೊಂದು. ಹಾಳೆಯ ಮೇಲೆ ಅಂಟಿಸಿದ ತಿದ್ದುಪಡಿ ಚೀಟಿಗಳ ದಿನಾಂಕ ಹಾಳೆಯ ದಿನಾಂಕವಲ್ಲ. ಸ್ಕ್ಯಾನ್‌ನಲ್ಲಿ ಚೀಟಿಯ ಅಂಚಿನ ನೆರಳು ತೆಳ್ಳಗೆ ಕಾಣುತ್ತದೆ, ಬೆಳಕು ತಗ್ಗಿಸಿ ನೋಡಿ. ವಿಮೆ ಇಳಿಸಲು ಯೋಗ್ಯವಲ್ಲದ ಗುಡಿಸಲುಗಳನ್ನು ನಕ್ಷೆ ಮಾಡಿದ ಕಂಪನಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಹಾಗಾಗಿ ಚಿಹುವಾಹುವಾ ಹಿಲ್‌ನ ಮೇಲ್ಭಾಗ ಅರ್ಧ ಖಾಲಿ. ಅಲ್ಲಿಗೆ ಫೋಟೋಗಳೇ ಗತಿ. ಎದುರು ಗುಡ್ಡದಿಂದ ತೆಗೆದ ಉದ್ದನೆಯ ಫೋಟೋದಲ್ಲಿ ಚಾವಣಿಗಳನ್ನು ಎಣಿಸಿ, ನಕ್ಷೆಯಲ್ಲಿ ಹಲಗೆ ಚಾವಣಿಗಿರುವ ಗುಣಾಕಾರದ (x) ಗುರುತು, ತಗಡಿಗಿರುವ ಸೊನ್ನೆ ಗುರುತು ಎರಡನ್ನೂ ತಾಳೆ ಹಾಕಬೇಕು. ಆ ಫೋಟೋ ಯಾವ ವರ್ಷದ್ದು ಎಂದು ನೆರಳಿಲ್ಲದೆ, ಶೀರ್ಷಿಕೆಯಿಲ್ಲದೆ ಹಿಡಿಯುವ ಒಂದು ಉಪಾಯ ನನ್ನ ಬಳಿ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಇಡೀ ನಕ್ಷೆ ಹೊರಬಂದ ಮೇಲೆ ನೋಡೋಣ.

1910ರ ಹಾಳೆಯಲ್ಲಿ ಮಾತೃಭಾಷೆಗೆ ಬೇರೆ ಅಂಕಣ ಇಲ್ಲ. ಹಾಳೆ ಅಚ್ಚಾದ ಮೇಲೆ ಸೇರಿಸಿದ ಪ್ರಶ್ನೆಯಾದ್ದರಿಂದ ಹುಟ್ಟಿದ ಸ್ಥಳದ ಅಂಕಣದಲ್ಲೇ ತುರುಕಿದ್ದಾರೆ. ಆಸ್ಟ್ರಿಯಾ ಎಂದಷ್ಟೇ ಇಳಿಸಿಕೊಂಡರೆ ಸರ್ಬಿಯನ್ ಮಾತಾಡುವವರೂ ಇತರರೂ ಒಂದೇ ಗುಂಪಾಗಿಬಿಡುತ್ತಾರೆ. ರಷ್ಯಾ ಎಂದು ಇಳಿಸಿದರೆ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಫಿನ್ಲೆಂಡಿನ ಗಣಿಗರು ಮಾಯವಾಗುತ್ತಾರೆ. ವಸತಿಗೃಹಗಳು ಭಾಷೆಯ ಮೇಲೆ ನಡೆಯುತ್ತಿದ್ದವು, ಹಾಗಾಗಿ ಈ ಸಂಕ್ಷಿಪ್ತ ಬರಹ ಹೆಸರಿಗಿಂತ ಒಳ್ಳೆಯ ಸುಳಿವು. ವಯಸ್ಸು ಮಾತ್ರ ಒಡತಿ ಹೇಳಿದ್ದು. ಮೂವತ್ತು, ಮೂವತ್ತೈದು, ನಲವತ್ತು ಸಾಲಾಗಿ ಕಂಡರೆ ಮುಂದೆ ಹೋಲಿಸುವಾಗ ಐದು ವರ್ಷ ಸಡಿಲ ಬಿಡಿ.

ಗಣಿ ಬಾಯಿಯ ಹತ್ತಿರವೇ ಮನೆ ಎನ್ನುವ ಲೆಕ್ಕ 1908ರವರೆಗೆ ಚೆನ್ನಾಗಿ ನಡೆಯುತ್ತದೆ. ಜಾರ್ ಅಥವಾ ಹೋಲ್‌ಬ್ರೂಕ್ ಶಾಫ್ಟ್‌ನವರು ಹಳೆ ಬಿಸ್ಬಿಯಲ್ಲಿ, ಜಂಕ್ಷನ್ ಅಥವಾ ಬ್ರಿಗ್ಸ್‌ನವರು ಪಕ್ಕದ ಲೋವೆಲ್ ಬಡಾವಣೆಯ ಕಡೆ. ಆ ವರ್ಷ, ಹತ್ತಿರದ ವಾರೆನ್ ಊರಿಗೆ ಹೋಗುವ ವಾರೆನ್–ಬಿಸ್ಬಿ ಟ್ರಾಮು ಓಡಲು ಶುರುವಾಯಿತು, 1928ರವರೆಗೂ ಓಡಿತು. ಆಮೇಲೆ ಕೆಲಸದ ಜಾಗದಿಂದ ಮನೆ ಊಹಿಸಿದರೆ ಎಡವುತ್ತೀರಿ. ಹಾಗೆಯೇ ಸಲೂನುಗಳು: 1914ರವರೆಗೆ ಅವಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. 1915ರ ಜನವರಿ 1ರಿಂದ ಅರಿಜೋನಾದಲ್ಲಿ ಪಾನನಿಷೇಧ ಬಂತು, ಅದೇ ಕಟ್ಟಡ ತಂಪು ಪಾನೀಯದ ಅಂಗಡಿಯೋ ಪೂಲ್ ಹಾಲೋ ಆಗಿ ಬೇರೆ ಹೆಸರಲ್ಲಿ ಬರುತ್ತದೆ.

ಇನ್ನು ಪರೀಕ್ಷೆ. 1910ರ ಕೂಡಿಕೆ ಸರಿ ಎನ್ನಲು ಆಧಾರ ಬೇಕಲ್ಲ. 1917ರ ಜುಲೈ 12ರ ಬೆಳಗ್ಗೆ ಶೆರಿಫ್ ಹ್ಯಾರಿ ವೀಲರ್ ಮತ್ತು ಸುಮಾರು ಎರಡು ಸಾವಿರ ಮಂದಿ ಬಂದೂಕುಧಾರಿಗಳು ಮುಷ್ಕರದಲ್ಲಿದ್ದವರನ್ನೂ ಅವರ ಪರ ಇದ್ದವರನ್ನೂ ಮನೆಗಳಿಂದ ಎಳೆದು, ವಾರೆನ್‌ನ ಬೇಸ್‌ಬಾಲ್ ಮೈದಾನಕ್ಕೆ ನಡೆಸಿ, ಸರಕಿನ ಬೋಗಿಗಳಿಗೆ ತುಂಬಿ ನ್ಯೂ ಮೆಕ್ಸಿಕೋದ ಮರುಭೂಮಿಗೆ ಸಾಗಿಸಿದರು. ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗದ ಲೆಕ್ಕ 1,186 ಮಂದಿ. ಈ ಘಟನೆಗೆ ಐದು ವಾರ ಮುಂಚೆ, ಜೂನ್ 5ರಂದು, 21ರಿಂದ 30 ವಯಸ್ಸಿನ ಗಂಡಸರೆಲ್ಲ ಸೈನ್ಯಕ್ಕೆ ಹೆಸರು ನೋಂದಾಯಿಸಿದ್ದರು. ಹೊರದೂಡಿದವರನ್ನು ಆಮೇಲೆ ಇರಿಸಿದ, ನ್ಯೂ ಮೆಕ್ಸಿಕೋದ ಕೊಲಂಬಸ್ ಊರಿನ ಶಿಬಿರದಲ್ಲಿ ಸೇನೆ ತೆಗೆದ ಎಣಿಕೆಯಲ್ಲಿ ಹೀಗೆ ನೋಂದಾಯಿಸಿದವರು ಸುಮಾರು 470. ಅಂದರೆ ಹೊರದೂಡಲ್ಪಟ್ಟವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನರ ವಿಳಾಸ, ಹುಟ್ಟಿದ ದಿನ, ಕೆಲಸದ ಗಣಿ, ಅವಲಂಬಿತರು, ಕಣ್ಣಿನ ಬಣ್ಣ ಸಮೇತ ಒಂದು ಕಾರ್ಡಿನಲ್ಲಿ ಇದೆ. ಮುಷ್ಕರ ಶುರುವಾದದ್ದು ಜೂನ್ ಕೊನೆಗೆ, ಆದ್ದರಿಂದ ಉದ್ಯೋಗದಾತರ ಅಂಕಣವೂ ಭರ್ತಿಯಾಗಿದೆ. ಬಾಡಿಗೆದಾರರಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ.

ಕಾರ್ಡನ್ನು ಹೆಸರಿನಿಂದ ಹುಡುಕಬೇಡಿ. ಬಿಸ್ಬಿ ಇರುವ ಕೋಚೀಸ್ ಕೌಂಟಿಯ ಕಾರ್ಡುಗಳನ್ನು ಮೊದಲಿಂದ ಮಗುಚಿ, ವಿಳಾಸದ ಪ್ರಕಾರ ವಿಂಗಡಿಸಿ. ಒಂದೇ ವಸತಿಗೃಹವನ್ನು ವಿಳಾಸವಾಗಿ ಕೊಟ್ಟವರು ಗುಂಪು ಗುಂಪಾಗಿ ಬಂದು ಸಾಲಿನಲ್ಲಿ ನಿಂತಿದ್ದರು ಎನ್ನುವುದು ಕೈಬರಹ ಮತ್ತು ಸಂಖ್ಯೆಗಳಿಂದ ಗೊತ್ತಾಗುತ್ತದೆ. ಈ ಗುಂಪುಗಳು 1910ರ ವಸತಿಗೃಹದ ಭಾಷೆಯೊಂದಿಗೆ ಹೊಂದಿದಾಗ, ಜನ ಬದಲಾದರೂ ಮನೆ ಬದಲಾಗಿಲ್ಲ ಎಂದು ಖಚಿತವಾಯಿತು. ಅನುಮಾನಿಸಿದವರು ಸುಮ್ಮನಾದದ್ದು ಈ ತಾಳೆ ತೋರಿಸಿದ ಮೇಲೆಯೇ.

ವಯಸ್ಸು ಮೀರಿದವರಿಗೆ 1918ರ ಸೆಪ್ಟೆಂಬರ್ 12ರ ಕಾರ್ಡು ನೋಡಿ. ಅದರಲ್ಲಿ ಹತ್ತಿರದ ಸಂಬಂಧಿಯ ಹೆಸರು, ವಿಳಾಸ ಇರುತ್ತದೆ. ಮಿಕ್ಕವರಿಗೆ ರಾಜ್ಯದ ಸಾವಿನ ಪ್ರಮಾಣಪತ್ರ ಉಚಿತವಾಗಿ ಚಿತ್ರ ಸಮೇತ ಸಿಗುತ್ತದೆ. ಸತ್ತ ಕಾರಣಕ್ಕಿಂತ ನಮಗೆ ಬೇಕಾದದ್ದು ‘ಈ ಸ್ಥಳದಲ್ಲಿ ವಾಸವಿದ್ದ ಅವಧಿ’ ಎನ್ನುವ ಸಾಲು. 1918ರ ಅಕ್ಟೋಬರ್ ಇನ್‌ಫ್ಲುಯೆಂಜಾ ದಿನಗಳ ಪತ್ರಗಳಲ್ಲಿ ಆ ಸಾಲು ತರಾತುರಿಯಲ್ಲಿ ತುಂಬಿದ್ದು, ಅವಕ್ಕೆ ಅರ್ಧ ಅಂಕ ಕೊಡಿ.

ಊರಿನ ದಿನಪತ್ರಿಕೆ ‘ಬಿಸ್ಬಿ ಡೈಲಿ ರಿವ್ಯೂ’ ಗಣಿ ಕಂಪನಿಯ ಹಿಡಿತದಲ್ಲಿತ್ತು, ಮುಷ್ಕರದ ಸುದ್ದಿಗೆ ಅದನ್ನು ನೆಚ್ಚುವಂತಿಲ್ಲ. ಆದರೆ ಸಣ್ಣ ಅಕ್ಷರದ ಜಾಹೀರಾತು, ತೆರಿಗೆ ಬಾಕಿದಾರರ ಪಟ್ಟಿ, ವಾರಸುದಾರರಿಲ್ಲದೆ ಅಂಚೆ ಕಚೇರಿಯಲ್ಲಿ ಉಳಿದ ಪತ್ರಗಳ ಪಟ್ಟಿ ಇವು ಸುಳ್ಳು ಹೇಳುವುದಿಲ್ಲ. ಪತ್ರಗಳ ಪಟ್ಟಿಯನ್ನು ತಿಂಗಳವಾರು ಇಳಿಸಿ, ಊರು ಬಿಟ್ಟವರ ಅಂದಾಜು ಮಾಡುವ ಪ್ರಯೋಗವನ್ನೂ ಮಾಡಿದೆ. ತಾಮ್ರದ ಬೆಲೆ ಬಿದ್ದ 1907ರ ಕೊನೆಯ ತಿಂಗಳುಗಳಲ್ಲಿ ಪಟ್ಟಿ ಉದ್ದವಾಗುವುದು ಕಾಣುತ್ತದೆ, ಅದಕ್ಕಿಂತ ಹೆಚ್ಚು ಹಿಂಡಲು ಬರಲಿಲ್ಲ. ಯಂತ್ರ ಓದಿದ ಪಠ್ಯದಲ್ಲಿ ಹೆಸರು ಹುಡುಕದೆ ವಸತಿಗೃಹದ ಹೆಸರಿನ ಅರ್ಧ ಪದ ಹುಡುಕಿ. ಯಾವ ಅರ್ಧ ಎನ್ನುವುದು ನನ್ನ ಎರಡನೆಯ ಗುಟ್ಟು.

ಇನ್ನೊಂದು ಅಡ್ಡದಾರಿ ಕರ್ನಾಟಕದವರಿಗೆ ಹಿಡಿಸೀತು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕ್ಯಾಂಬೋರ್ನ್, ರೆಡ್ರೂತ್ ಸುತ್ತಿನ ಗಣಿಗರು ಬಿಸ್ಬಿಗೂ ಬಂದರು, ಜಾನ್ ಟೇಲರ್ ಕಂಪನಿಯ ಮೂಲಕ ನಮ್ಮ ಕೆಜಿಎಫ್‌ಗೂ ಬಂದರು. ಎರಡೂ ಕಡೆಯ ಹೆಸರುಗಳನ್ನು ಪಕ್ಕ ಪಕ್ಕ ಇಟ್ಟರೆ ಒಂದೇ ಮನೆತನಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಕಾರ್ನ್‌ವಾಲ್‌ನಲ್ಲಿ ಮನೆತನದ ಹೆಸರುಗಳೇ ಕಡಿಮೆ. ಹುಟ್ಟಿದ ದಿನಾಂಕವೂ ಚರ್ಚಿನ ದೀಕ್ಷಾ ದಾಖಲೆಯೂ ಕೂಡಿಬರದೆ ಅಣ್ಣತಮ್ಮ ಎಂದು ಬರೆಯಬಾರದು.

ಖರ್ಚಿನ ಮಾತು. ಒಟ್ಟಾರೆ ಎರಡೂವರೆ ಸಾವಿರ ಡಾಲರ್ ಆಸುಪಾಸು ಆಗಿದೆ. ಅದರಲ್ಲಿ ಅರ್ಧ ಫೀನಿಕ್ಸ್‌ನಿಂದ ಬಿಸ್ಬಿಗೆ ಇನ್ನೂರು ಮೈಲಿ ಓಡಾಡಿದ ಪೆಟ್ರೋಲು, ವಸತಿ. ಈಗ ಮಾಡುವುದಾದರೆ ಒಂಬೈನೂರರಲ್ಲಿ ಮುಗಿಯುತ್ತದೆ. ಫೀನಿಕ್ಸ್‌ನ ಪಾಲಿ ರೋಸೆನ್‌ಬಾಮ್ ಕಟ್ಟಡದ ರಾಜ್ಯ ದಫ್ತರದಲ್ಲಿ ಮೊದಲು ಎಲ್ಲ ಮುಗಿಸಿ, ಬಿಸ್ಬಿಗೆ ನೆಲ ನೋಡಲು ಮಾತ್ರ ಹೋಗಿ. ನೆಲದ ಕ್ರಯ ದಸ್ತಾವೇಜಿನ ನಕಲಿಗೆ ದುಡ್ಡು ಹಾಕಬೇಡಿ: ಗುಡ್ಡದ ಬಹಳ ಮನೆಗಳು ಗಣಿ ಹಕ್ಕಿನ ನೆಲದ ಮೇಲಿದ್ದವು. ಮನೆ ಕಟ್ಟಿದವನದು, ನೆಲ ಕಂಪನಿಯದು. ಅಂಥ ಮನೆ ದಸ್ತಾವೇಜಿನಲ್ಲಿ ಇರುವುದಿಲ್ಲ, ತೆರಿಗೆ ಪುಸ್ತಕದಲ್ಲಿ ಬರೀ ಕಟ್ಟಡದ ಬೆಲೆಯಾಗಿ ಇರುತ್ತದೆ.

ವಾರೆನ್‌ಗೆ ಈ ವಿಧಾನ ಬೇಕಿಲ್ಲ. ಅದು ಯೋಜನೆ ಹಾಕಿ ಕಟ್ಟಿದ ಊರು, ಲಾಟ್ ಸಂಖ್ಯೆ ಹಿಡಿದರೆ ಸಾಕು. ಕಷ್ಟ ಇರುವುದು ಲೋವೆಲ್ ಮತ್ತು ಜಾನ್ಸನ್ ಅಡಿಷನ್‌ನಲ್ಲಿ, 1950ರ ದಶಕದಿಂದ ತೋಡಿದ ಲ್ಯಾವೆಂಡರ್ ಪಿಟ್ ಅವುಗಳ ಬಹುಭಾಗವನ್ನು ನುಂಗಿದೆ. ಅಲ್ಲಿ ಬಿಂದು ಹಿಡಿಯಲು ಒಂದು ಗೋಡೆಯೂ ಉಳಿದಿಲ್ಲ. ಅದಕ್ಕೆ ಗಣಿ ಹಕ್ಕಿನ ಸರ್ವೆ ನಕ್ಷೆಗಳನ್ನು ಇಳಿಸಿಕೊಳ್ಳಬೇಕು, ಕೇಂದ್ರದ ಭೂ ಇಲಾಖೆಯ ತಾಣದಲ್ಲಿ ಉಚಿತ. ಒಂದು ಹಕ್ಕು ಹೆಚ್ಚೆಂದರೆ 1,500 ಅಡಿ ಉದ್ದ, 600 ಅಡಿ ಅಗಲ, ಮೂಲೆಗಳನ್ನು ಸರ್ವೆ ಕಲ್ಲಿಗೆ ಅಳತೆ ಹಾಕಿ ಕಟ್ಟಿರುತ್ತಾರೆ. ಹೊಂಡದ ಹೊರಗೆ ಉಳಿದಿರುವ ನಾಲ್ಕು ಮೂಲೆ ಸಿಕ್ಕರೆ ಒಳಗಿನ ಬೀದಿಗಳನ್ನು ಹತ್ತು ಅಡಿಯೊಳಗೆ ಕೂರಿಸಬಹುದು. ಉತ್ತರದ ಅಂಚಿನಲ್ಲಿ ಮೂರು ಸಿಕ್ಕಿವೆ.